ಊರಿಗೆ ಜಿಮ್ ಬೇಡ, ಸಂಜೆ ನಡೆಯೋಕೆ ಬೆಳಕಿರುವ ದಾರಿ ಕೊಡಿ

ಸಂಪಾದಕರಿಗೆ ನಮಸ್ಕಾರ.

ಬೊಜ್ಜಿನ ಬಗ್ಗೆ ಪತ್ರಿಕೆಗಳಲ್ಲಿ ಬರುವ ಲೇಖನಗಳನ್ನು ನಾನು ಬಿಡದೆ ಓದುತ್ತೇನೆ. ಬಹುತೇಕ ಎಲ್ಲದರಲ್ಲೂ ಅದೇ ಸಲಹೆ. ಬೆಳಗ್ಗೆ ಓಟ್ಸ್ ತಿನ್ನಿ, ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿ, ಆಫೀಸಿನಲ್ಲಿ ಗಂಟೆಗೊಮ್ಮೆ ಎದ್ದು ಓಡಾಡಿ. ನಮ್ಮೂರಲ್ಲಿ ಲಿಫ್ಟ್ ಇಲ್ಲ ಸ್ವಾಮಿ. ಮೆಟ್ಟಿಲು ಅಂತ ಇರುವುದು ಹೈಸ್ಕೂಲಿಗೆ, ಬಿಟ್ಟರೆ ದೇವಸ್ಥಾನಕ್ಕೆ. ಆದರೆ ಬೊಜ್ಜು ಮಾತ್ರ ಇದೆ, ಚೆನ್ನಾಗಿಯೇ ಇದೆ. ಬೊಜ್ಜು ಅಂದರೆ ಬೆಂಗಳೂರಿನವರ ಕಾಯಿಲೆ, ಹಳ್ಳಿಯವರು ದುಡಿದು ತಿನ್ನುವವರು, ಅವರಿಗೇನಾಗುತ್ತೆ ಅನ್ನುವ ನಂಬಿಕೆ ಬರೆಯುವವರಿಗೂ ಇದೆ, ನಮ್ಮ ಹಳ್ಳಿಯವರಿಗೂ ಇದೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ಕತ್ತರಿಸುವುದಾದರೆ ಕೊನೆಯ ಕಡೆಯದನ್ನು ಉಳಿಸಿಕೊಳ್ಳಿ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 30ರಷ್ಟು ಜನ, ಗಂಡಸರಲ್ಲಿ ಶೇ 31ರ ಹತ್ತಿರ ಜನ ಇರಬೇಕಾದ್ದಕ್ಕಿಂತ ಜಾಸ್ತಿ ತೂಕದವರು. ಅದರ ಹಿಂದಿನ 2015-16ರ ಸಮೀಕ್ಷೆಯಲ್ಲಿ ಇದು ಹೆಂಗಸರಲ್ಲಿ ಶೇ 23, ಗಂಡಸರಲ್ಲಿ ಶೇ 22 ಇತ್ತು. ಐದಾರು ವರ್ಷದಲ್ಲಿ ಇಷ್ಟು ಏರಿದೆ. ಇದು ಪಟ್ಟಣ, ಹಳ್ಳಿ ಎರಡೂ ಸೇರಿದ ಲೆಕ್ಕ. ಪಟ್ಟಣದಲ್ಲಿ ಜಾಸ್ತಿ, ಹಳ್ಳಿಯಲ್ಲಿ ಕಡಿಮೆ, ಒಪ್ಪಿಕೊಳ್ಳೋಣ. ಆದರೆ ಏರುವ ವೇಗ ನೋಡಿದರೆ ಹಳ್ಳಿ ಹಿಂದೆ ಬಿದ್ದಿಲ್ಲ. 2019ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. 200 ದೇಶಗಳ ಜನರ ತೂಕ, ಎತ್ತರವನ್ನು 1985ರಿಂದ 2017ರವರೆಗೆ ನೋಡಿದ್ದರು. ಈ ಅವಧಿಯಲ್ಲಿ ಜಗತ್ತಿನ ಜನರ ಸರಾಸರಿ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ಎಷ್ಟಿದೆ ಅನ್ನುವ ಅಳತೆ) ಎಷ್ಟು ಏರಿತೋ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಹಳ್ಳಿಯವರದ್ದು. ಇನ್ನೂ ಒಂದು ಮಾತಿದೆ. ಸಮೀಕ್ಷೆಯಲ್ಲಿ ಬಿಎಂಐ 25 ದಾಟಿದವರನ್ನು ಮಾತ್ರ ಎಣಿಸುತ್ತಾರೆ. ನಮ್ಮ ದೇಶದ ಡಾಕ್ಟರುಗಳು 23 ದಾಟಿದರೇ ತೂಕ ಜಾಸ್ತಿ, 25 ಮುಟ್ಟಿದರೆ ಬೊಜ್ಜು ಅನ್ನುತ್ತಾರೆ, ಯಾಕೆಂದರೆ ನಮ್ಮವರಿಗೆ ಕೈಕಾಲು ಸಣ್ಣಗಿದ್ದರೂ ಹೊಟ್ಟೆಯ ಸುತ್ತ ಕೊಬ್ಬು ಕೂರುತ್ತದೆ, ಸಕ್ಕರೆ ಕಾಯಿಲೆ ಬೇಗ ಹತ್ತಿಕೊಳ್ಳುತ್ತದೆ. ಆ ಲೆಕ್ಕ ಹಿಡಿದರೆ ನಮ್ಮ ಬೀದಿಯಲ್ಲಿ ಉಳಿಯುವವರು ಎಷ್ಟು ಜನ ಅಂತ ನಾನು ಎಣಿಸಲು ಹೋಗಿಲ್ಲ.

ನಾನು ತಿಪಟೂರು ಕಡೆಯ ಹಳ್ಳಿಯವಳು. ತೆಂಗಿನ ತೋಟ, ಎರಡು ಸೀಮೆ ಹಸು, ಒಂದಿಷ್ಟು ರಾಗಿ ಹೊಲ. ಇಲ್ಲಿ ಏನಾಗಿದೆ ಅಂದರೆ, ಕೆಲಸ ಹೋಗಿದೆ, ಊಟ ಉಳಿದಿದೆ. ಬೀಸುವ ಕಲ್ಲು ಯಾವತ್ತೋ ಹೋಯಿತು, ಹಿಟ್ಟಿನ ಗಿರಣಿ ಬಂತು. ಬಾವಿ ಹೋಯಿತು, ಮನೆ ಮುಂದೆ ನಲ್ಲಿ ಬಂತು. ಕಳೆ ಕೀಳುವುದು ಹೋಯಿತು, ಕಳೆನಾಶಕ ಹೊಡೆಯುತ್ತಾರೆ. ರಾಗಿ ಕೊಯ್ಲಿಗೆ ಮಿಷನ್ ಬರುತ್ತದೆ. ಮೋಟಾರ್ ಆನ್ ಮಾಡಲು ರಾತ್ರಿ ಟಾರ್ಚ್ ಹಿಡಿದು ತೋಟಕ್ಕೆ ಹೋಗುತ್ತಿದ್ದ ಗಂಡಸರು ಈಗ ಮೊಬೈಲ್ ಸ್ಟಾರ್ಟರ್‌ಗೆ ಹಾಸಿಗೆಯಿಂದಲೇ ಕಾಲ್ ಮಾಡುತ್ತಾರೆ. ಇದನ್ನೆಲ್ಲ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಹಳೇ ಕಾಲವೇ ಚೆನ್ನಾಗಿತ್ತು, ಹೆಂಗಸರು ಬಿಂದಿಗೆ ಹೊತ್ತು ಗಟ್ಟಿಮುಟ್ಟಾಗಿದ್ದರು ಅಂತ ಭಾಷಣ ಮಾಡುವವರು ಬೇಕಾದರೆ ಒಂದು ವಾರ ನೀರು ಹೊರಲಿ. ನಮ್ಮ ಅತ್ತೆಗೆ ಸೊಂಟ ಹೋಗಿದ್ದೇ ಹಾಗೆ. ಕಷ್ಟ ಹೋಗಿದ್ದು ಒಳ್ಳೆಯದೇ. ಆದರೆ ಹೊಲದಲ್ಲಿ ದಿನವಿಡೀ ಬಗ್ಗಿ ಎದ್ದು ಮಾಡುತ್ತಿದ್ದಾಗ ಎಷ್ಟು ತಿನ್ನುತ್ತಿದ್ದೆವೋ ಈಗಲೂ ಅಷ್ಟೇ ತಿನ್ನುತ್ತೇವೆ. ಸಾಲದ್ದಕ್ಕೆ ಆಗ ಇಲ್ಲದ್ದು ಈಗ ಮೂರು ಬಂದಿವೆ: ಎಣ್ಣೆ, ಸಕ್ಕರೆ, ಐದು ರೂಪಾಯಿಯ ಕುರುಕಲು ತಿಂಡಿ ಪ್ಯಾಕೆಟ್ಟು.

ಎಣ್ಣೆ ವಿಷಯ ನಿಧಾನವಾಗಿ ಹೇಳಬೇಕು, ಯಾಕೆಂದರೆ ಅದರಲ್ಲೇ ನಾವು ಸ್ವಲ್ಪ ಕೆಲಸ ಮಾಡಿದ್ದೇವೆ. ನಾಲ್ಕು ಜನರ ಮನೆಗೆ ತಿಂಗಳಿಗೆ ಐದು ಲೀಟರ್ ಎಣ್ಣೆ ಅನ್ನುವುದು ನಮ್ಮ ಕಡೆ ಮಾಮೂಲು. ಅದನ್ನು ಭಾಗಿಸಿ ನೋಡಿದರೆ ಒಬ್ಬೊಬ್ಬರಿಗೆ ದಿನಕ್ಕೆ 38 ಗ್ರಾಂ ಹತ್ತಿರ ಬರುತ್ತದೆ. ಹೊಲದಲ್ಲಿ ಮೈಮುರಿದು ದುಡಿಯದವರಿಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಹೇಳುವುದು ಸುಮಾರು 20ರಿಂದ 30 ಗ್ರಾಂ. ಇದರ ಮೇಲೆ ಸಂಜೆ ಬಸ್ ಸ್ಟಾಂಡಿನ ಬೋಂಡ, ಬಜ್ಜಿ, ಗೋಬಿ ಗಾಡಿ. (ಗೋಬಿ ಮಂಚೂರಿಗೆ ಹಾಕುವ ಕೃತಕ ಬಣ್ಣವನ್ನು ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧ ಮಾಡಿತು, ಒಳ್ಳೆಯದಾಯಿತು. ಬಣ್ಣ ಹೋಯಿತು, ಎಣ್ಣೆ ಹಾಗೇ ಇದೆ.) ತೆಂಗಿನಕಾಯಿ ಬೇರೆ ಇದೆ, ನಮ್ಮ ಸೀಮೆಯಲ್ಲಿ ಕಾಯಿ ಹಾಕದೆ ಸಾರಿಲ್ಲ, ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ, ಊರಿನವರು ನನ್ನನ್ನು ಓಡಿಸಿಬಿಡುತ್ತಾರೆ.

ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ವಾರಕ್ಕೊಂದು ಸಭೆ. ಉಳಿತಾಯ, ಸಾಲ, ಕಂತು, ಇದೇ ಮಾತು. ಜೊತೆಗೆ ಟೀ, ಬಿಸ್ಕತ್ತು, ಖಾರಾ ಮಿಕ್ಸ್ಚರ್. ಸಂಘದಲ್ಲಿ ಒಬ್ಬರಿಗೆ ಬಿಪಿ, ಶುಗರ್ ಎರಡೂ ಒಟ್ಟಿಗೆ ಬಂದು ಅವರು ಆಸ್ಪತ್ರೆ ಸೇರಿ ಬಂದ ಮೇಲೆ ಈ ಮಾತು ಶುರುವಾಯಿತು. ಯಾರೋ ಹೇಳಿದರು, ಹೇಗೂ ಪುಸ್ತಕದಲ್ಲಿ ಉಳಿತಾಯ ಬರೆಯುತ್ತೇವೆ, ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದು ಈ ತಿಂಗಳು ಯಾರ ಮನೆಗೆ ಎಷ್ಟು ಪ್ಯಾಕೆಟ್ ಎಣ್ಣೆ ಬಂತು ಅಂತಲೂ ಬರೆಯೋಣ ಅಂತ. ಅಷ್ಟೇ. ಯಾರಿಗೂ ಬೈಯುವುದಿಲ್ಲ, ದಂಡ ಇಲ್ಲ, ಬಹುಮಾನ ಇಲ್ಲ. ತಿಂಗಳ ಕೊನೆಯಲ್ಲಿ ಗಟ್ಟಿಯಾಗಿ ಓದುತ್ತೇವೆ. ಮೊದಲ ಸಲ ಓದಿದಾಗ ಜಗಳವೇ ಆಯಿತು. "ನಮ್ಮನೇಲಿ ಬೀಗರು ಬಂದಿದ್ರು", "ನಮ್ಮನೇಲಿ ಗಾರೆ ಕೆಲಸದವರಿಗೆ ಅಡುಗೆ ಮಾಡಿದ್ದು", ಒಬ್ಬೊಬ್ಬರದ್ದು ಒಂದೊಂದು ಕಾರಣ. ಎರಡನೇ ತಿಂಗಳಿಂದ ಕಾರಣ ಕಡಿಮೆಯಾಯಿತು, ಎಣ್ಣೆಯೂ ಕಡಿಮೆಯಾಯಿತು. ಒಗ್ಗರಣೆಗೆ ಕ್ಯಾನಿನಿಂದ ಸುರಿಯುವುದು ಬಿಟ್ಟು ಚಮಚದಲ್ಲಿ ಹಾಕತೊಡಗಿದರು. ಪೂರಿ ಮಾಡುವ ಮನೆಗಳಲ್ಲಿ ಅದು ಭಾನುವಾರಕ್ಕೆ ಮಾತ್ರ ಉಳಿಯಿತು. ಎಣ್ಣೆ ರೇಟು ಹೆಚ್ಚಾಗಿರುವುದೂ ನಮ್ಮ ಸಹಾಯಕ್ಕೆ ಬಂತು ಅನ್ನಿ, ಆರೋಗ್ಯಕ್ಕೆ ಬಗ್ಗದವರು ದುಡ್ಡಿಗೆ ಬಗ್ಗಿದರು. ತಕರಾರು ಬಂದಿದ್ದು ಗಂಡಸರಿಂದ. "ಸಾರಿನ ಮೇಲೆ ಎಣ್ಣೆ ತೇಲದಿದ್ರೆ ಅದೇನ್ ಸಾರೇ?" ಅಂತ ಒಬ್ಬರ ಯಜಮಾನರು ತಟ್ಟೆ ತಳ್ಳಿದ್ದು ಊರಿಗೆಲ್ಲ ಗೊತ್ತು.

ಸಕ್ಕರೆ ಇಷ್ಟು ಸುಲಭಕ್ಕೆ ಬಗ್ಗಲಿಲ್ಲ. ಟೀ ಇಲ್ಲಿ ಬರೀ ಟೀ ಅಲ್ಲ, ಮರ್ಯಾದೆ. ಯಾರ ಮನೆಗೆ ಹೋದರೂ ಅರ್ಧ ಲೋಟ ಕೊಡುತ್ತಾರೆ, ಬೇಡ ಅಂದರೆ ಬೇಜಾರು. ದಿನಕ್ಕೆ ಐದು ಟೀ, ಒಂದಕ್ಕೆ ಎರಡು ಚಮಚ ಅಂತ ಹಿಡಿದರೂ 40, 50 ಗ್ರಾಂ ಸಕ್ಕರೆ ಟೀಯಿಂದಲೇ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ 50 ಗ್ರಾಂ ಮೀರಬೇಡಿ, 25ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಅನ್ನುತ್ತದೆ. ಸಕ್ಕರೆ ಬದಲು ಬೆಲ್ಲ ಹಾಕಿದರೆ ಏನೂ ಆಗಲ್ಲ ಅನ್ನುವವರು ನಮ್ಮ ಸಂಘದಲ್ಲೂ ಇದ್ದಾರೆ. ತೂಕದ ಮಟ್ಟಿಗೆ ಎರಡೂ ಒಂದೇ ಕಣ್ರೀ.

ಇದರ ಜೊತೆಗೇ ರಾಗಿ ಮಾತೂ ಬರುತ್ತದೆ. 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಮಾಡಿದ ಮೇಲೆ ಎಲ್ಲರ ಬಾಯಲ್ಲೂ ಸಿರಿಧಾನ್ಯ. ಸಂತೋಷ. ಆದರೆ ಮುದ್ದೆ ತಿಂದರೆ ತೂಕ ಇಳಿಯುತ್ತೆ ಅನ್ನುವುದು ಅರ್ಧ ಸತ್ಯ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 356. ದೊಡ್ಡ ವ್ಯತ್ಯಾಸವೇನಲ್ಲ. ವ್ಯತ್ಯಾಸ ಇರುವುದು ನಾರಿನಲ್ಲಿ, ರಾಗಿಯಲ್ಲಿ 11 ಗ್ರಾಂ, ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಅದಕ್ಕೇ ಮುದ್ದೆ ಉಂಡವರಿಗೆ ಬೇಗ ಹಸಿವಾಗುವುದಿಲ್ಲ. ಆದರೆ ಎರಡು ಮುದ್ದೆ ಉಂಡು ಮೇಲೆ ಅನ್ನವನ್ನೂ ಬಡಿಸಿಕೊಂಡರೆ ರಾಗಿ ತಾನೇ ಏನು ಮಾಡೀತು? ಇನ್ನು ರಾಗಿ ಬಿಸ್ಕತ್ತು ಅಂತ ಮಾರುವುದರ ಹಿಂಬದಿ ಒಮ್ಮೆ ಓದಿ. ಎಷ್ಟೋ ಪ್ಯಾಕೆಟ್ಟುಗಳಲ್ಲಿ ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ಎಣ್ಣೆ, ರಾಗಿ ಎಲ್ಲೋ ಹಿಂದೆ ನಿಂತಿರುತ್ತದೆ.

ಈಗ ಜಿಮ್ ವಿಷಯ. ಅಕ್ಕಪಕ್ಕದ ಎಷ್ಟೋ ಊರುಗಳಲ್ಲಿ ಓಪನ್ ಜಿಮ್ ಹಾಕಿದ್ದಾರೆ. ಹಳದಿ, ನೀಲಿ ಬಣ್ಣದ ಕಬ್ಬಿಣದ ಸಾಮಾನು. ಉದ್ಘಾಟನೆ, ಫೋಟೊ, ಹಾರ. ಒಂದು ಊರಲ್ಲಿ ನಾನೇ ನೋಡಿದ್ದೇನೆ, ಕಾಲು ಆಡಿಸುವ ಮಿಷನ್ನಿನ ಬೇರಿಂಗ್ ಹೋಗಿದೆ, ಇನ್ನೊಂದಕ್ಕೆ ಯಾರೋ ಎಮ್ಮೆ ಕಟ್ಟಿದ್ದಾರೆ, ಕೈ ಎಳೆಯುವ ಹಿಡಿಕೆ ಮೇಲೆ ಲಂಗ ಒಣಗುತ್ತಿದೆ. ಎದುರಿಗೇ ಅರಳಿಕಟ್ಟೆ, ಅಲ್ಲಿ ಸಾಲಾಗಿ ಗಂಡಸರು. ಸೀರೆ ಉಟ್ಟ ನಲವತ್ತೈದರ ಹೆಂಗಸು ಅವರ ಮುಂದೆ ಹೋಗಿ ಆ ಮಿಷನ್ ಮೇಲೆ ಕಾಲಾಡಿಸುತ್ತಾಳೆ ಅಂತ ಅಂದುಕೊಂಡವರು ಯಾರೋ ಗೊತ್ತಿಲ್ಲ. ಅವರು ಹಳ್ಳಿ ನೋಡಿಲ್ಲ, ಅಥವಾ ನೋಡಿದ್ದರೂ ಟೆಂಡರ್ ಮಾತ್ರ ನೋಡಿದ್ದಾರೆ.

ನಮಗೆ ಬೇಕಿರುವುದು ನಡೆಯಲು ದಾರಿ. ಸಂಜೆ ಡೇರಿಗೆ ಹಾಲು ಹಾಕಿ ಆದ ಮೇಲೆ ನಾವೊಂದಿಷ್ಟು ಜನ ಕೆರೆ ಏರಿ ಮೇಲೆ ನಡೆಯುತ್ತೇವೆ. ಒಬ್ಬಳೇ ಹೋದರೆ "ಏನಮ್ಮ, ಮನೇಲಿ ಕೆಲಸ ಇಲ್ವಾ?" ಅಂತ ಕೇಳುತ್ತಾರೆ. ಹತ್ತು ಜನ ಹೋದರೆ ಯಾರೂ ಕೇಳುವುದಿಲ್ಲ. ಶುರುವಿನಲ್ಲಿ ಸೊಸೆಯಂದಿರು ಕೈಯಲ್ಲಿ ಖಾಲಿ ಹಾಲಿನ ಕ್ಯಾನು ಹಿಡಿದುಕೊಂಡೇ ನಡೆಯುತ್ತಿದ್ದರು, ನೋಡಿದವರಿಗೆ ಯಾವುದೋ ಕೆಲಸದ ಮೇಲೆ ಹೋಗುತ್ತಿದ್ದಾರೆ ಅನ್ನಿಸಲಿ ಅಂತ. ಸುಮ್ನೆ ನಡೆಯುವುದು ಹಳ್ಳಿ ಹೆಂಗಸಿಗೆ ಅಷ್ಟು ಕಷ್ಟ. ಈಗ ಕೆಲವರು ಕ್ಯಾನು ಮನೆಯಲ್ಲಿಟ್ಟು ಬರುತ್ತಾರೆ, ಎಲ್ಲರೂ ಅಲ್ಲ. ಚಳಿಗಾಲ ಬಂದರೆ ಆರೂಕಾಲಿಗೆಲ್ಲ ಕತ್ತಲು. ಏರಿ ಮೇಲೆ ಒಂದು ದೀಪ ಇಲ್ಲ. ಒಂದು ಕಡೆ ನೀರು, ಒಂದು ಕಡೆ ಪೊದೆ, ಹಾವಿನ ಭಯ, ನಾಯಿಗಳು, ಲೈಟ್ ಹಾಕದೆ ಬರುವ ಬೈಕುಗಳು. ಹೀಗಾಗಿ ಚಳಿಗಾಲ ಪೂರ್ತಿ ನಡಿಗೆ ನಿಂತು ಹೋಗುತ್ತದೆ. ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಿರಿ ಅಂತ ಸರ್ಕಾರದ್ದೇ ಸಲಹೆ ಇದೆ. ಎಲ್ಲಿ ನಡೆಯಬೇಕು ಅನ್ನುವುದನ್ನೂ ಹೇಳಬೇಕಲ್ವಾ? ಒಂದು ಓಪನ್ ಜಿಮ್ಮಿನ ದುಡ್ಡಿನಲ್ಲಿ ಏರಿ ಮೇಲೆ ಎಷ್ಟು ಸೋಲಾರ್ ದೀಪ ಬರುತ್ತಿತ್ತು ಅಂತ ಯಾರಾದರೂ ಇಂಜಿನಿಯರು ಲೆಕ್ಕ ಹಾಕಿ ಹೇಳಲಿ.

ಅಳತೆ ವಿಷಯಕ್ಕೆ ಬರುತ್ತೇನೆ. ಮೂವತ್ತು ದಾಟಿದ ಪ್ರತಿಯೊಬ್ಬರಿಗೂ ಆಶಾ ಕಾರ್ಯಕರ್ತೆಯರು ತುಂಬಬೇಕಾದ ಒಂದು ಫಾರಂ ಇದೆ, ಸಿಬಿಎಸಿ ಅನ್ನುತ್ತಾರೆ. ವಯಸ್ಸು, ಬೀಡಿ ಸಿಗರೇಟು, ಕುಡಿತ, ಸೊಂಟದ ಸುತ್ತಳತೆ, ವಾರಕ್ಕೆ 150 ನಿಮಿಷ ಮೈ ದಂಡಿಸುತ್ತಾರೋ ಇಲ್ಲವೋ, ಮನೆಯಲ್ಲಿ ಬಿಪಿ, ಶುಗರ್ ಯಾರಿಗಾದರೂ ಇದೆಯೋ, ಇಷ್ಟಕ್ಕೆ ಅಂಕ ಹಾಕುತ್ತಾರೆ. ಹೆಂಗಸರ ಸೊಂಟ 80 ಸೆಂಟಿಮೀಟರ್ ದಾಟಿದರೆ ಒಂದು ಅಂಕ, 90 ದಾಟಿದರೆ ಎರಡು. ಗಂಡಸರಿಗೆ 90 ಮತ್ತು 100. ಒಟ್ಟು ನಾಲ್ಕು ದಾಟಿದರೆ ಅವರನ್ನು ಮೊದಲು ಪರೀಕ್ಷೆಗೆ ಕಳಿಸಬೇಕು. ಒಳ್ಳೆಯ ಫಾರಂ. ಆದರೆ ನಡೆಯುವುದು ಹೇಗೆ? ಬಾಗಿಲಲ್ಲಿ ನಿಂತು ಸೀರೆ ನೆರಿಗೆ ಮೇಲೆ ಟೇಪು ಸುತ್ತುತ್ತಾರೆ, ಪಕ್ಕದಲ್ಲಿ ಮಾವ ಕೂತಿರುತ್ತಾರೆ, "ಬಿಡಮ್ಮ, ಒಂದು ನಂಬರ್ ಬರ್ಕೋ" ಅಂತ ಕಳಿಸಿಬಿಡುತ್ತಾರೆ. ಆಶಾಗಳನ್ನು ದೂರುವುದಿಲ್ಲ. ಬಾಣಂತಿ, ಮಗು, ಲಸಿಕೆ, ಸರ್ವೆ, ಆ್ಯಪ್, ಎಲ್ಲ ಅವರ ತಲೆ ಮೇಲೆ. 2025ರ ಜನವರಿಯಲ್ಲಿ ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಚಳಿಯಲ್ಲಿ ಕೂತವರು ಅವರು. ಅದಕ್ಕೆ ನಮ್ಮ ಸಂಘದಲ್ಲಿ ಬಾಗಿಲು ಹಾಕಿಕೊಂಡು ನಾವೇ ಒಬ್ಬರಿಗೊಬ್ಬರು ಅಳೆದುಕೊಂಡೆವು. ಹೊಕ್ಕಳ ನೇರಕ್ಕೆ, ಬಟ್ಟೆ ಸರಿಸಿ, ಉಸಿರು ಬಿಟ್ಟು. ನಗು ಅಂದರೆ ನಗು. ಆದರೆ ನಂಬರು ಸುಳ್ಳಿರಲಿಲ್ಲ. ಅದನ್ನು ಆಶಾ ಅವರಿಗೆ ಕೊಟ್ಟೆವು, ಅವರಿಗೂ ಕೆಲಸ ಹಗುರವಾಯಿತು, ಫಾರಂ ನೋಡಿ ಪರೀಕ್ಷೆಗೆ ಹೋದವರಲ್ಲಿ ಕೆಲವರಿಗೆ ಶುಗರ್ ಇರುವುದೂ ಗೊತ್ತಾಯಿತು.

ಇದಕ್ಕೆ ದುಡ್ಡಿಲ್ಲ ಅಂತ ಯಾರೂ ಹೇಳಬೇಡಿ. ಪ್ರತಿ ಹಳ್ಳಿಗೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಅಂತ ಒಂದಿದೆ. ಅದಕ್ಕೆ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿ ಅಂತ ಇಟ್ಟಿದ್ದಾರೆ. ಒಂದು ತೂಕದ ಮಿಷನ್, ನಾಲ್ಕು ಟೇಪು, ಒಂದು ಬಿಪಿ ಮಿಷನ್ ಅದರಲ್ಲಿ ಬರುತ್ತದೆ. ನಿಮ್ಮೂರ ಸಮಿತಿಯಲ್ಲಿ ಯಾರಿದ್ದಾರೆ, ಕೊನೆಯ ಸಭೆ ಯಾವಾಗ ಆಯಿತು ಅಂತ ಓದುಗರು ಒಮ್ಮೆ ವಿಚಾರಿಸಿ ನೋಡಿ. ಸದಸ್ಯರಿಗೇ ಗೊತ್ತಿಲ್ಲದ ಊರುಗಳಿವೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಅದೇ 2019-21ರ ಸಮೀಕ್ಷೆಯಲ್ಲಿ ಕರ್ನಾಟಕದ ಶೇ 17ರಷ್ಟು ಹೆಂಗಸರು ಇರಬೇಕಾದ್ದಕ್ಕಿಂತ ತೆಳ್ಳಗಿದ್ದಾರೆ, ಅರ್ಧದ ಹತ್ತಿರ ಹೆಂಗಸರಿಗೆ ರಕ್ತಹೀನತೆ ಇದೆ. ಒಂದೇ ಮನೆಯಲ್ಲಿ ಅತ್ತೆಗೆ ಬೊಜ್ಜು, ಸೊಸೆಗೆ ರಕ್ತ ಇಲ್ಲ. ದಪ್ಪಗಿರುವವರಿಗೇ ರಕ್ತ ಕಡಿಮೆ ಇರುವುದೂ ಉಂಟು. ಆದ್ದರಿಂದ ಮೈಕ್ ಹಿಡಿದು ಎಲ್ಲರೂ ಕಡಿಮೆ ತಿನ್ನಿ ಅಂತ ಕೂಗಿದರೆ ನಿಜವಾಗಿ ಕಡಿಮೆ ತಿನ್ನುವುದು ಸೊಸೆಯೇ. ಮೊಟ್ಟೆ, ಕಾಳು, ಸೊಪ್ಪು ಯಾರ ತಟ್ಟೆಯಿಂದಲೂ ಕಡಿಮೆಯಾಗಬಾರದು. ಮತ್ತೆ ಡುಮ್ಮಿ, ಆನೆ ಅಂತ ಆಡಿಕೊಳ್ಳುವುದನ್ನು ಅರಿವು ಮೂಡಿಸುವುದು ಅಂದುಕೊಳ್ಳಬೇಡಿ. ನಮ್ಮ ಜೊತೆ ನಡೆಯುತ್ತಿದ್ದ ಒಬ್ಬಾಕೆ ಅಂಥ ಒಂದು ಮಾತಿಗೆ ಬರುವುದನ್ನೇ ಬಿಟ್ಟರು.

ಇಂಥದ್ದು ಬೇರೆ ಕಡೆ ನಡೆದಿಲ್ಲ ಅಂತಲ್ಲ. ಪಕ್ಕದ ಕೇರಳದಲ್ಲಿ, ತಿರುವನಂತಪುರ ಜಿಲ್ಲೆಯ ನೆಯ್ಯಾಟ್ಟಿನ್‌ಕರ ತಾಲ್ಲೂಕಿನಲ್ಲಿ, ಸಕ್ಕರೆ ಕಾಯಿಲೆ ಬರುವ ಅಪಾಯ ಇದ್ದ ಸಾವಿರ ಜನರನ್ನು ಸೇರಿಸಿ ನೋಡಿದರು. ಅರ್ಧ ಊರುಗಳಲ್ಲಿ ಅಕ್ಕಪಕ್ಕದವರದೇ ಗುಂಪು, ಅವರಲ್ಲೇ ಒಬ್ಬರು ಮುಂದಾಳು, ಡಾಕ್ಟರಲ್ಲ. ಫಲಿತಾಂಶ 2018ರಲ್ಲಿ ಬಂತು. ಎರಡು ವರ್ಷದಲ್ಲಿ ಗುಂಪಿನವರಲ್ಲಿ ಶೇ 15ರಷ್ಟು ಜನಕ್ಕೆ ಶುಗರ್ ಬಂತು, ಗುಂಪಿಲ್ಲದ ಕಡೆ ಶೇ 17. ಇದನ್ನು ಗೆಲುವು ಅನ್ನಲಾಗದು ಅಂತ ಅವರೇ ಒಪ್ಪಿಕೊಂಡಿದ್ದಾರೆ. ಆದರೆ ಗುಂಪಿನವರು ಹಣ್ಣು, ತರಕಾರಿ ಜಾಸ್ತಿ ತಿಂದರು, ಕುಡಿತ ಕಡಿಮೆಯಾಯಿತು. ನನಗೆ ಈ ಅಧ್ಯಯನ ಇಷ್ಟವಾಗುವುದೇ ಅದು ಬಡಾಯಿ ಕೊಚ್ಚುವುದಿಲ್ಲ ಅನ್ನುವುದಕ್ಕೆ. ಎರಡು ವರ್ಷಕ್ಕೆ ಮುಗಿಯುವ ಕೆಲಸ ಇದಲ್ಲ. ಫಿನ್ಲೆಂಡಿನ ಉತ್ತರ ಕರೇಲಿಯಾದಲ್ಲಿ, ಅದೂ ನಮ್ಮ ಹಾಗೆ ಹಾಲು, ಬೆಣ್ಣೆಯ ಸೀಮೆ, ಹೃದಯಾಘಾತದಲ್ಲಿ ಗಂಡಸರು ಸಾಯುತ್ತಿದ್ದರು ಅಂತ 1972ರಲ್ಲಿ ಪೆಕ್ಕಾ ಪುಸ್ಕಾ ಅನ್ನುವ ಯುವ ಡಾಕ್ಟರು ಕೆಲಸ ಶುರು ಮಾಡಿದರು. ಅವರು ಹೋಗಿ ಹಿಡಿದಿದ್ದು ಮಾರ್ತಾ ಅನ್ನುವ ಗೃಹಿಣಿಯರ ಸಂಘವನ್ನು. ಊರೂರಲ್ಲಿ ಸಂಜೆ ಹೊತ್ತು ಸೇರಿಸಿ, ಬೆಣ್ಣೆ, ಉಪ್ಪು ಕಡಿಮೆ ಹಾಕಿದ, ತರಕಾರಿ ಜಾಸ್ತಿ ಹಾಕಿದ ಅಡುಗೆ ಮಾಡಿ ಎಲ್ಲರಿಗೂ ಉಣಿಸಿದರು. ಆಮೇಲೆ ಊರು ಊರಿನ ನಡುವೆ ಕೊಲೆಸ್ಟರಾಲ್ ಇಳಿಸುವ ಪಂದ್ಯವನ್ನೇ ಇಟ್ಟರು. ಕೆಲವು ದಶಕಗಳಲ್ಲಿ ಅಲ್ಲಿನ ದುಡಿಯುವ ವಯಸ್ಸಿನ ಗಂಡಸರ ಹೃದಯದ ಸಾವು ಶೇ 80ಕ್ಕಿಂತ ಜಾಸ್ತಿ ಇಳಿಯಿತು. ಸಿಗರೇಟು ಬಿಟ್ಟಿದ್ದು, ಔಷಧ ಬಂದಿದ್ದು ಎಲ್ಲ ಸೇರಿ. ನಮ್ಮಲ್ಲೂ ಸ್ತ್ರೀಶಕ್ತಿ ಇದೆ, ಸಂಜೀವಿನಿ ಒಕ್ಕೂಟ ಇದೆ, ಹಾಲಿನ ಸೊಸೈಟಿ ಇದೆ. ಸಾಲಕ್ಕೆ, ಸರ್ಕಾರಿ ಕಾರ್ಯಕ್ರಮಕ್ಕೆ ಜನ ಸೇರಿಸುವುದಕ್ಕೆ ಮಾತ್ರ ಇವು ನೆನಪಾಗುತ್ತವೆ.

ಮಕ್ಕಳ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಶಾಲೆ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿಂಡಿ ಮಾರಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಇದೆ. ನಮ್ಮ ಶಾಲೆ ಗೇಟಿಗೆ ಅಂಟಿಕೊಂಡೇ ಅಂಗಡಿ. ಐದು ರೂಪಾಯಿ ಪ್ಯಾಕೆಟ್ಟುಗಳ ಸರ ತೋರಣದ ಹಾಗೆ ನೇತಾಡುತ್ತದೆ. ಒಳಗೆ ಬಿಸಿಯೂಟ, ಮೊಟ್ಟೆ, ಹಾಲು, ಹೊರಗೆ ಅದು. ಅಂಗಡಿಯವನೂ ನಮ್ಮವನೇ, ಅವನ ಹೊಟ್ಟೆ ಮೇಲೆ ಹೊಡೆಯುವುದು ಬೇಡ. "ಬಾಳೆಹಣ್ಣು ಎರಡು ದಿನಕ್ಕೆ ಕಪ್ಪಾಗುತ್ತೆ ಅಕ್ಕ, ಪ್ಯಾಕೆಟ್ ಆರು ತಿಂಗಳು ಹಾಗೇ ಇರುತ್ತೆ" ಅಂದ, ಅವನ ಮಾತಿನಲ್ಲೂ ನ್ಯಾಯ ಇದೆ. ಈಗ ಶಾಲೆ ನೋಡಿಕೊಳ್ಳುವ ಸಮಿತಿ ಎಸ್‌ಡಿಎಂಸಿಯವರ ಜೊತೆ ಮಾತಾಡಿ ಕಡಲೆಕಾಯಿ, ಹುರಿಗಡಲೆ, ಕಡಲೆ ಮಿಠಾಯಿ ಮುಂದೆ ಇಡು, ಪ್ಯಾಕೆಟ್ಟನ್ನು ಒಳಗಿಡು, ಕೇಳಿದವರಿಗೆ ಕೊಡು ಅಂತ ಒಪ್ಪಿಸಿದ್ದೇವೆ. ನಿಯಮದ ಪ್ರಕಾರ ಅದೂ ತಪ್ಪೇ. ಆದರೂ ಕಣ್ಣಿಗೆ ಕಾಣದಿದ್ದರೆ ಮಕ್ಕಳು ಕೇಳುವುದು ಕಡಿಮೆಯಾಗಿದೆ.

ಬೀಗರ ಊಟ, ಜಾತ್ರೆ, ತಿಥಿ, ಇವುಗಳಿಗೆ ನಾವು ಕೈ ಹಾಕಿಲ್ಲ, ಹಾಕುವುದೂ ಇಲ್ಲ. ವರ್ಷದಲ್ಲಿ ಎರಡು ದಿನ ಹೋಳಿಗೆ, ಬಾಡೂಟ ಉಂಡು ಯಾರಿಗೂ ಬೊಜ್ಜು ಬರಲಿಲ್ಲ. ಬಂದಿದ್ದು ಉಳಿದ ದಿನಗಳಿಂದ.

ಮುಂದಿನ ಗ್ರಾಮಸಭೆಗೆ ಕೆರೆ ಏರಿ ದೀಪದ ಅರ್ಜಿ ಬರೆದಿಟ್ಟುಕೊಂಡಿದ್ದೇವೆ, ಸಂಘದ ಎಲ್ಲರ ಸಹಿ ಆಗಿದೆ. ನಿಮ್ಮ ಪತ್ರಿಕೆ ಓದುವ ಪಂಚಾಯ್ತಿ ಸದಸ್ಯರು, ಪಿಡಿಒಗಳು ತಮ್ಮ ಊರಲ್ಲೂ ಇದನ್ನು ಯೋಚಿಸಲಿ. ಮಲೆನಾಡಿನವರು, ಉತ್ತರ ಕರ್ನಾಟಕದವರು ತಮ್ಮ ಕಡೆ ಏನು ಮಾಡಿದ್ದಾರೆ ಅಂತ ಇದೇ ಅಂಕಣಕ್ಕೆ ಬರೆದರೆ ನಮಗೂ ಉಪಯೋಗ. ಮುಖ್ಯವಾಗಿ, ಗಂಡಸರನ್ನು ಅರಳಿಕಟ್ಟೆಯಿಂದ ಎಬ್ಬಿಸಿ ನಡೆಸಿದ ಊರು ಯಾವುದಾದರೂ ಇದ್ದರೆ, ಅದು ಹೇಗೆ ಅಂತ ದಯವಿಟ್ಟು ಬರೆಯಿರಿ. ಯುವಕರನ್ನು ವಾಲಿಬಾಲ್‌ಗೆ ಕರೆದರೆ ಬರುತ್ತಾರೆ, ನಲವತ್ತು ದಾಟಿದವರದ್ದೇ ಸಮಸ್ಯೆ. ನಾವು ಮಾಡಿದ ಯಾವ ಉಪಾಯವೂ ನಡೆದಿಲ್ಲ.

ಇಂತಿ,
ಓದುಗಳು, ತಿಪಟೂರು ತಾಲ್ಲೂಕು